ಸಾವಿರ ಲಿಂಕ್ ಕೊಳ್ಳುವ ಮುಂಚೆ

ಚಿಕ್ಕಮಗಳೂರಿನ ಹೋಮ್‌ಸ್ಟೇ ಮಾಲೀಕರು ನನ್ನ ಮುಂದೆ ಇಡುವ ಎಕ್ಸೆಲ್ ಶೀಟ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಯಾರೋ ಫೋನ್ ಮಾಡಿ ‘ಸಾವಿರ ಬ್ಯಾಕ್‌ಲಿಂಕ್ ಹಾಕಿಸ್ತೀವಿ, ಗೂಗಲ್‌ನಲ್ಲಿ ಮೊದಲ ಪುಟ ಗ್ಯಾರಂಟಿ’ ಅಂದಿರುತ್ತಾರೆ. ಬ್ಯಾಕ್‌ಲಿಂಕ್ ಅಂದರೆ ಬೇರೆಯವರ ಸೈಟಿನಿಂದ ನಿಮ್ಮ ಸೈಟಿಗೆ ಬರುವ ಕೊಂಡಿ; ಶೀಟಿನಲ್ಲಿರುವುದು ಅವುಗಳ ಪಟ್ಟಿ. ದುಡ್ಡು ಹೋಗಿರುತ್ತದೆ, ರೂಮು ತುಂಬಿರುವುದಿಲ್ಲ. ಮೊನ್ನೆ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರ ಶೀಟನ್ನು ಅವರೆದುರೇ ತೆರೆದೆ. ಒಂದು ಸಾಲಿನಲ್ಲಿ ರಷ್ಯನ್ ಭಾಷೆಯ ಜೂಜಿನ ಪುಟ, ಅದರ ಕೆಳಗೆ ಕೂದಲೆಣ್ಣೆ ಮಾರುವ ಪುಟ. ಎಲ್ಲ ಕಡೆಯೂ ಲಿಂಕಿನ ಮೇಲೆ ಅದೇ ಮಾತು: ‘ಬೆಸ್ಟ್ ಹೋಮ್‌ಸ್ಟೇ ಇನ್ ಚಿಕ್ಕಮಗಳೂರು’. ‘ಲೆಕ್ಕ ಸರಿಯಾಗೇ ಇದೆಯಲ್ಲ ಸಾರ್’ ಅಂದರು.

ಎಷ್ಟು ಸಲ ಹೇಳಿದರೂ ಜನ ಎಡವುವುದು ಇಲ್ಲೇ. ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಪ್ರಕಟಿಸಿದ ಪೇಜ್‌ರ‍್ಯಾಂಕ್ ಲೆಕ್ಕದಲ್ಲೇ, ಅಂದರೆ ಯಾವ ಪುಟಕ್ಕೆ ಎಷ್ಟು ತೂಕ ಅಂತ ಅಳೆಯುವ ಕ್ರಮದಲ್ಲೇ, ಬರೀ ಎಣಿಕೆಗೆ ಬೆಲೆ ಇರಲಿಲ್ಲ. ಲಿಂಕ್ ಕೊಡುವ ಪುಟಕ್ಕೆ ತನ್ನದೇ ತೂಕ ಇರಬೇಕು, ಆ ತೂಕ ಅದಕ್ಕೆ ಬೇರೆಯವರು ಕೊಟ್ಟ ಲಿಂಕುಗಳಿಂದ ಬರಬೇಕು. ಇದ್ದ ತೂಕವೂ ಆ ಪುಟದಿಂದ ಹೊರಹೋಗುವ ಲಿಂಕುಗಳಿಗೆಲ್ಲ ಹಂಚಿಹೋಗುತ್ತದೆ. ಹತ್ತು ಲಿಂಕ್ ಇದ್ದರೆ ಒಂದೊಂದಕ್ಕೆ ಹತ್ತರಲ್ಲೊಂದು ಪಾಲು, ಸಾವಿರ ಇದ್ದರೆ ಸಾವಿರದಲ್ಲೊಂದು. ಹೀಗೆ ದುಡ್ಡಿಗೆ ಲಿಂಕ್ ಹಾಕುವ ಪುಟಕ್ಕೆ ಸಾಮಾನ್ಯವಾಗಿ ಒಳ್ಳೆಯ ಸೈಟ್‌ಗಳು ಲಿಂಕ್ ಕೊಟ್ಟಿರುವುದಿಲ್ಲ, ಹಾಗಾಗಿ ಹಂಚುವುದಕ್ಕೆ ಅದರ ಹತ್ತಿರ ಹೆಚ್ಚೇನೂ ಇರುವುದಿಲ್ಲ. ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಬೇಕಾದಾಗ ಗುರುತಿಲ್ಲದ ನೂರು ಜನ ಒಬ್ಬನ ಹೆಸರು ಹೇಳಿದರೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ? ಪಕ್ಕದ ಎಸ್ಟೇಟಿನವರು ಒಂದು ಮಾತು ಹೇಳಿದರೆ ಸಾಕು.

ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. 2012ರ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಅಪ್‌ಡೇಟ್ ಇಂಥ ಸೈಟ್‌ಗಳನ್ನು ಕೆಳಕ್ಕೆ ತಳ್ಳಿತು. 2016ರಿಂದ ಅದು ಮುಖ್ಯ ವ್ಯವಸ್ಥೆಯಲ್ಲೇ ಸೇರಿದೆ, ಕಳ್ಳ ಲಿಂಕುಗಳನ್ನು ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ಲಿಂಕ್ ಬಂದ ಮಾತ್ರಕ್ಕೆ ಮೇಲೇರುತ್ತೀರಿ ಅಂತಲೂ ನಾನು ಬರೆದುಕೊಡಲಾರೆ. ಗೂಗಲ್ ನೋಡುವ ಹಲವು ಸಂಗತಿಗಳಲ್ಲಿ ಲಿಂಕ್ ಒಂದು, ಅಷ್ಟೆ. ಮ್ಯಾಪ್‌ನಲ್ಲಿ ಕಾಣುವುದರ ಲೆಕ್ಕವಂತೂ ಬೇರೆಯೇ. ಅಲ್ಲಿ ಹುಡುಕುವವರು ಎಷ್ಟು ದೂರದಲ್ಲಿದ್ದಾರೆ ಅನ್ನುವುದೂ ಮುಖ್ಯ.

ಕೊಟ್ಟಿಗೆಹಾರದ ಹತ್ತಿರ ಒಬ್ಬ ಹಿರಿಯರಿದ್ದಾರೆ. ಎಲ್ಲ ಬೆಳೆಗಾರರ ಹಾಗೆ ಮಳೆಯನ್ನು ಇಂಚು, ಸೆಂಟಿನಲ್ಲಿ (ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು) ಬರೆದಿಡುವ ಅಭ್ಯಾಸ. ಆ ಪುಸ್ತಕದ ಲೆಕ್ಕವನ್ನೇ ಸೈಟಿಗೆ ಹಾಕಿ ಅಂದೆ. ‘ಇದನ್ನ ಯಾರು ಓದ್ತಾರೆ ಮಾರಾಯ್ರೇ’ ಅಂತ ಗೊಣಗುತ್ತಲೇ ಮೊಮ್ಮಗಳ ಕೈಲಿ ಹಾಕಿಸಿದರು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ತೆರೆದಿದೆಯಾ, ಎಲ್ಲಿ ಗುಡ್ಡ ಜರಿದಿದೆ ಅನ್ನುವುದನ್ನೂ ಬೆಳಿಗ್ಗೆ ಒಂದು ಸಾಲು ಬರೆಸುತ್ತಾರೆ. ಬೆಂಗಳೂರಿನ ಬೈಕ್ ಸವಾರರ ಸೈಟ್ ಒಂದು ಅದಕ್ಕೆ ಲಿಂಕ್ ಕೊಟ್ಟಿತು, ಆಮೇಲೆ ಹಕ್ಕಿ ನೋಡುವವರ ಪುಟವೊಂದು. ಯಾರಿಗೂ ಬಿಡಿಗಾಸು ಕೊಟ್ಟಿಲ್ಲ. ಆ ಹಿರಿಯರ ಉತ್ಸಾಹ ನೋಡಿದರೆ ನನಗೆ ಖುಷಿಯಾಗುತ್ತದೆ.

ಈಗಾಗಲೇ ಲಿಂಕ್ ಕೊಂಡವರು ಗಾಬರಿಯಾಗಬೇಡಿ. ಮೊದಲು ತಿಂಗಳ ಕಂತು ನಿಲ್ಲಿಸಿ. ಸೈಟ್ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ‘ಮ್ಯಾನುವಲ್ ಆ್ಯಕ್ಷನ್ಸ್’ ತೆರೆದು ನೋಡಿ. ಗೂಗಲ್‌ನವರೇ ಪರಿಶೀಲಿಸಿ ನಿಮ್ಮ ಸೈಟಿನ ಮೇಲೆ ಕ್ರಮ ಕೈಗೊಂಡಿದ್ದರೆ ಅಲ್ಲಿ ಕಾಣುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಸುಮ್ಮನಿರುವುದೇ ಕ್ಷೇಮ. ನೋಟಿಸ್ ಇದ್ದರೆ ತೆಗೆಸಬಹುದಾದ ಲಿಂಕುಗಳನ್ನು ತೆಗೆಸಿ, ಉಳಿದವನ್ನು ‘ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಅಂತ ಗೂಗಲ್‌ಗೆ ಹೇಳುವ ಡಿಸ್‌ಅವೌ (disavow) ಪಟ್ಟಿಗೆ ಸೇರಿಸಿ ಮರುಪರಿಶೀಲನೆಗೆ ಅರ್ಜಿ ಹಾಕಬೇಕು. ಆ ಪಟ್ಟಿಯನ್ನು ಲಿಂಕ್ ಮಾರಿದವರ ಕೈಯಲ್ಲೇ ಮಾಡಿಸಬೇಡಿ. ಒಳ್ಳೆಯ ಲಿಂಕ್ ಅದರಲ್ಲಿ ಸೇರಿಹೋದರೆ ಅದೂ ಲೆಕ್ಕಕ್ಕೆ ಬರುವುದಿಲ್ಲ.