ಓಡುವ ಗಾಡಿಗೆ ರಿವರ್ಸ್ ಬಿದ್ದರೆ?

ಪ್ರಶ್ನೆ: ಹುಮನಾಬಾದ್ ರಸ್ತೆಯಲ್ಲಿ 80ರ ವೇಗದಲ್ಲಿರುವಾಗ ಐದರಿಂದ ನಾಲ್ಕಕ್ಕೆ ಇಳಿಸಲು ಹೋಗಿ ಕೈತಪ್ಪಿ ರಿವರ್ಸ್ ಬಿದ್ದರೆ ಗಾಡಿ ಪಲ್ಟಿಯಾಗುತ್ತದಂತೆ, ಖರೇನ್ರಿ?

ಇಲ್ಲರೀ. ಎಷ್ಟು ಸಲ ಹೇಳಿದರೂ ಹೊಸಬರನ್ನು ಈ ಮಾತಿನಿಂದ ಹೆದರಿಸುವುದು ನಿಂತಿಲ್ಲ.

ಮುಂದಕ್ಕೆ ಓಡಿಸುವ ಗೇರ್‌ಗಳ ಹಲ್ಲು ಸದಾ ಕೂಡಿಕೊಂಡೇ ಇರುತ್ತವೆ. ಸಿಂಕ್ರೊನೈಸರ್ ರಿಂಗ್ ವೇಗ ಸರಿದೂಗಿಸಿ ಬೇಕಾದ್ದನ್ನು ಹಿಡಿಸುತ್ತದೆ. ಹೆಚ್ಚಿನ ಸಣ್ಣ ಕಾರುಗಳ ರಿವರ್ಸ್‌ಗೆ ಆ ರಿಂಗೇ ಇಲ್ಲ. ಐಡ್ಲರ್ ಎಂಬ ಪುಟ್ಟ ಗೇರ್ ನಡುವೆ ಸರಿದು ಬಂದು ಎರಡೂ ಕಡೆ ಹಲ್ಲು ಕಚ್ಚಬೇಕು. ಗಾಡಿ ಆ ವೇಗದಲ್ಲಿರುವಾಗ ಹಲ್ಲು ಕಚ್ಚುವುದೆಲ್ಲಿಂದ ಬಂತು? ‘ಕರ್‌ರ್’ ಎಂದು ಒದರಿ ಲಿವರನ್ನು ವಾಪಸ್ ದೂಡುತ್ತದೆ. ಹಲ್ಲಿನ ತುದಿ ಸವೆದೀತು, ಪಲ್ಟಿಯಂತೂ ಇಲ್ಲ. ಐದರ ಕೆಳಗೇ ರಿವರ್ಸ್ ಇರುವ ಹಲವು ಮಾರುತಿಗಳಲ್ಲಿ ಐದರಿಂದ ನೆಟ್ಟಗೆ ಎಳೆದರೆ ಒಳಗಿನ ತಡೆ ಅಷ್ಟಕ್ಕೂ ಬಿಡುವುದಿಲ್ಲ.

ಹೆದರುವುದಿದ್ದರೆ ನಾಲ್ಕರ ಬದಲು ಎರಡು ಬಿದ್ದೀತೆಂದು ಹೆದರಿ. ಅದು ಸಲೀಸಾಗಿ ಕೂರುತ್ತದೆ. ಕ್ಲಚ್ ಬಿಟ್ಟೊಡನೆ ಎಂಜಿನ್ ತನ್ನ ವೇಗಮಿತಿಯ ಕೆಂಪು ಗೆರೆ ದಾಟಿ ವಾಲ್ವ್ ಬಾಗಬಹುದು. ಲಿವರನ್ನು ಎಡಕ್ಕೆ ಜಗ್ಗುವುದೇ ಇದಕ್ಕೆ ಕಾರಣ. ಅಂಗೈ ಸಡಿಲ ಬಿಟ್ಟು ನ್ಯೂಟ್ರಲ್‌ಗೆ ತನ್ನಿ, ಸ್ಪ್ರಿಂಗ್ ತಾನೇ ಮೂರು-ನಾಲ್ಕರ ಸಾಲಿಗೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ನೇರ ಕೆಳಗೆ.

ರಿವರ್ಸ್ ಕೈಕೊಡುವುದು ನಿಂತ ಗಾಡಿಯಲ್ಲಿ. ಹ್ಯುಂಡೈ ಐ20ಯಂಥವುಗಳಲ್ಲಿ ರಿವರ್ಸ್ ಒಂದರ ಎಡಕ್ಕೇ ಇದೆ. ಕಾವಲಿರುವುದು ಲಿವರಿನ ಗುಬ್ಬಿಯ ಕೆಳಗಿನ, ರಿವರ್ಸ್ ಹಾಕಲು ಎತ್ತಬೇಕಾದ ರಿಂಗ್ ಮಾತ್ರ. ಹಲವರು ಎರಡು ಬೆರಳನ್ನು ಆ ರಿಂಗಿಗೆ ಸಿಕ್ಕಿಸಿಕೊಂಡೇ ಊರೆಲ್ಲ ಸುತ್ತುತ್ತಾರೆ. ಸೂಪರ್ ಮಾರ್ಕೆಟ್ ಸಂದಣಿಯಲ್ಲಿ ಹಿಂದಿನ ಆಟೋ ಹಾರ್ನ್ ಹೊಡೆದ ಗಡಿಬಿಡಿಗೆ ಬೆರಳು ರಿಂಗನ್ನು ಎತ್ತುತ್ತದೆ, ಫಸ್ಟ್ ಅಂದುಕೊಂಡದ್ದು ರಿವರ್ಸ್ ಆಗುತ್ತದೆ, ಅದೇ ಆಟೋಕ್ಕೆ ಬಂಪರ್ ತಾಗುತ್ತದೆ. ಬೆರಳು ರಿಂಗಿನಿಂದ ದೂರವಿರಲಿ. ಗುಬ್ಬಿಯ ನೆತ್ತಿಯ ಮೇಲೆ ಅಂಗೈ ಇಟ್ಟು ಎಡಕ್ಕೆ ಒತ್ತಿ ಮುಂದಕ್ಕೆ ದೂಡಿ. ಬ್ರೇಕ್ ಮೇಲೆ ಕಾಲಿಟ್ಟೇ ಕ್ಲಚ್ಚನ್ನು ಅರ್ಧ ಬಿಡಿ, ಗಾಡಿ ಯಾವ ಕಡೆ ಜಗ್ಗುತ್ತದೆಂದು ಅಲ್ಲೇ ತಿಳಿಯುತ್ತದೆ. 2019ರ ಜುಲೈ ನಂತರದ ಕಾರಾದರೆ ಹಿಂದಿನ ಸೆನ್ಸರ್ ಕೂಗುತ್ತದೆ, ಹಾಡಿನ ಸದ್ದು ಕಡಿಮೆಯಿದ್ದರೆ.

ಬೇಕೆಂದಾಗ ರಿವರ್ಸ್ ಬೀಳದಿದ್ದರೆ? ಯಾರೂ ಕೇಳಿಲ್ಲ, ಆದರೂ ಕೇಳಿ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ, ಬಲ ಹಾಕಬೇಡಿ. ಕ್ಲಚ್ ಪೂರ್ತಿ ಒತ್ತಿ, ಒಮ್ಮೆ ಫಸ್ಟ್ ಹಾಕಿ ತೆಗೆದು, ಆಮೇಲೆ ರಿವರ್ಸ್ ಹಾಕಿ. ದಿನವೂ ‘ಕರ್‌ರ್’ ಎನ್ನುತ್ತಿದ್ದರೆ ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿದೆಯೇ ನೋಡಿ. ಅದೂ ಅಲ್ಲವಾದರೆ, ಗೇರ್‌ಬಾಕ್ಸ್ ಬಿಚ್ಚಲು ಹೊರಟ ಮೆಕ್ಯಾನಿಕ್‌ಗೆ ಮೊದಲು ಕ್ಲಚ್ ಕೇಬಲ್ ನೋಡಲು ಹೇಳಿ.