ಅಂಚಿಲ್ಲದ ಮಣೆ

ಮೈಸೂರಿನ ಅಗ್ರಹಾರದಲ್ಲಿ ನಾನು ಬಾಲ್ಯದಿಂದ ಹೋಗುವ ಕ್ಷೌರದಂಗಡಿಯ ಗೋಡೆಗಳಲ್ಲಿ ಎದುರುಬದುರಾಗಿ ಎರಡು ಕನ್ನಡಿಗಳಿವೆ. ಕುರ್ಚಿಯಲ್ಲಿ ಕುಳಿತರೆ ನನ್ನದೇ ತಲೆಗಳ ಸಾಲು ಒಳಗೊಳಗೇ ಸಾಗುತ್ತದೆ. ಅದಕ್ಕೆ ಕೊನೆಯಿಲ್ಲವೆಂದು ಆಗ ನಂಬಿದ್ದೆ. ಕೊನೆ ಇದೆ. ಪ್ರತಿ ಸಲವೂ ಕನ್ನಡಿ ನೂರರಲ್ಲಿ 10 ಪಾಲು ಬೆಳಕನ್ನು ನುಂಗಿದರೆ, 50 ಪ್ರತಿಫಲನಗಳ ಬಳಿಕ ಉಳಿಯುವುದು ನೂರು ಪಾಲಿನಲ್ಲಿ ಒಂದು ಪಾಲಿನ ಅರ್ಧ ಮಾತ್ರ.

ಕಂಪ್ಯೂಟರಿಗೂ ಇಂಥದೇ ಮಿತಿ. 64 ಬಿಟ್‌ಗಳಲ್ಲಿ ಬರೆದ ದಶಮಾಂಶ ಸಂಖ್ಯೆಯಲ್ಲಿ ನಂಬಬಹುದಾದ ಅಂಕಿಗಳು ಸುಮಾರು 16. ‘ಅನಂತ’ ಎಂಬ ಗುರುತು ಅದರಲ್ಲಿದೆ ನಿಜ, ಆದರೆ ಅದು ಲೆಕ್ಕ ಮಿತಿ ಮೀರಿತೆಂದು ಸಾರುವ ಫಲಕವಷ್ಟೇ.

ಆದರೂ ಭೌತವಿಜ್ಞಾನ ಅನಂತವನ್ನು ಬಿಟ್ಟಿರಲಾರದು. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಆಯಸ್ಕಾಂತವಾಗಿ ಉಳಿಯುವುದಿಲ್ಲ. ಈ ಹಠಾತ್ ಬದಲಾವಣೆ ಸಮೀಕರಣಗಳಲ್ಲಿ ಚೂಪಾಗಿ ಮೂಡಬೇಕಾದರೆ ಪರಮಾಣುಗಳು ಅನಂತವಾಗಿರಬೇಕು! ಇದನ್ನು ಅರಿಯಲು ವಿಜ್ಞಾನಿಗಳು ಐಸಿಂಗ್ ಮಾದರಿಯನ್ನು ಬಳಸುತ್ತಾರೆ. ಚದುರಂಗದಂಥ ಮಣೆ, ಮನೆಗೊಂದು ಬಾಣ; ಮುಖ ಮೇಲಕ್ಕೆ, ಇಲ್ಲವೇ ಕೆಳಕ್ಕೆ. ಪ್ರತಿ ಬಾಣಕ್ಕೂ ನೆರೆಯವರಂತೆ ನಿಲ್ಲುವಾಸೆ, ಶಾಖಕ್ಕೆ ಅದನ್ನು ಕೆಡಿಸುವಾಸೆ. 1944ರಲ್ಲಿ ವಿಜ್ಞಾನಿ ಲಾರ್ಸ್ ಆನ್ಸಾಗರ್ ಇಂಥ ಅನಂತ ಮಣೆಯೊಂದರ ನಿಖರ ಉತ್ತರವನ್ನು ಗಣಿತದಿಂದಲೇ ಕಂಡುಕೊಂಡರು.

ಕಂಪ್ಯೂಟರಿನಲ್ಲಿ ಹಿಡಿಸುವುದು, ಉದಾಹರಣೆಗೆ, 32ಕ್ಕೆ 32 ಮನೆಗಳ ಮಣೆ. ಅಂಚಿನ ಬಾಣಕ್ಕೆ ಒಂದು ಬದಿಯ ನೆರೆಯೇ ಇರುವುದಿಲ್ಲ; ಅದು ಲೆಕ್ಕವನ್ನು ಕೆಡಿಸುತ್ತದೆ. ಅದಕ್ಕೆಂದೇ ಚಾಪೆ ಸುತ್ತಿದಂತೆ ಬಲದಂಚನ್ನು ಎಡದಂಚಿಗೆ, ಮೇಲಿನದನ್ನು ಕೆಳಗಿನದಕ್ಕೆ ಸೇರಿಸುತ್ತಾರೆ. ಅಂಚು ಮಾಯವಾಯಿತು, ಮನೆಗಳು ಮಾತ್ರ 1,024ರಲ್ಲೇ ನಿಂತವು.

ನನಗೆ ಅತ್ಯಂತ ಪ್ರಿಯವಾದ ಹೆಜ್ಜೆ ಇನ್ನು ಮುಂದಿನದು. ಹೊರಗಿನ ಸಣ್ಣ ಕಾಂತ ಸೆಳೆತಕ್ಕೆ ಬಾಣಗಳು ಎಷ್ಟು ಜೋರಾಗಿ ಓಗೊಡುತ್ತವೆ ಎಂಬುದನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಅಳೆದರೆ ನಕ್ಷೆಯಲ್ಲೊಂದು ಶಿಖರ ಏಳುತ್ತದೆ. ಅನಂತ ಮಣೆಯಲ್ಲಿ ಅದರ ಎತ್ತರಕ್ಕೆ ಮಿತಿಯಿಲ್ಲ. ನಮ್ಮ ಮಣೆಯಲ್ಲಿ ಮಿತಿಯಿದೆ; ಆದರೆ ಬದಿಯ ಉದ್ದವನ್ನು ಇಮ್ಮಡಿಗೊಳಿಸಿದಾಗಲೆಲ್ಲ ಶಿಖರ ಸುಮಾರು 3.36 ಪಟ್ಟು ಏರುತ್ತದೆ. 32, 64, 128 ಎಂದು ಬೆಳೆಸುತ್ತಾ ಈ ಏರಿಕೆಯನ್ನೇ ಅಳೆದರೆ ಸಾಕು. ಕಂಪ್ಯೂಟರ್ ಅನಂತವನ್ನು ಮುಟ್ಟುವುದಿಲ್ಲ, ಅದರತ್ತ ಸಾಗುವ ದಾರಿಯ ಏರನ್ನು ಅಳೆಯುತ್ತದೆ. ನನ್ನ ಮಟ್ಟಿಗೆ ಇದು ಮುಟ್ಟುವುದಕ್ಕಿಂತ ದೊಡ್ಡ ಸಾಧನೆ.

ಅಷ್ಟಕ್ಕೂ ನಿಜವಾದ ಕಬ್ಬಿಣದ ತುಂಡೂ ಅನಂತವಲ್ಲ. ಒಂದು ಗ್ರಾಂನಲ್ಲಿ ಸುಮಾರು 1ರ ಮುಂದೆ 22 ಸೊನ್ನೆ ಇಟ್ಟಷ್ಟು ಪರಮಾಣುಗಳಿವೆ, ಅಷ್ಟೇ. ಅದರ ಶಿಖರದ ತುದಿಯೂ ತುಸು ದುಂಡಗೇ ಇರಬೇಕು. ಆ ದುಂಡುತನ ನಮ್ಮ ಉಪಕರಣಗಳಿಗೆ ಕಾಣದಷ್ಟು ಚಿಕ್ಕದು.