ಒತ್ತಡ ಏರುವುದು ಸಹಜ, ಇಳಿಯದಿದ್ದರೆ ತೊಂದರೆ

ಮನಸ್ಸಿನ ಒತ್ತಡಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎನ್ನುವ ಈ ಪಾಠದಲ್ಲಿ ಹಾರ್ಮೋನುಗಳ ಹೆಸರು ಜಾಸ್ತಿ. ಬಾಯಿಪಾಠಕ್ಕೆ ಕೂರುವ ಮೊದಲು ಒಂದೇ ಒಂದು ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಳ್ಳಿ: ಏರಿದ ಒತ್ತಡ ಮತ್ತೆ ಇಳಿಯುತ್ತಿದೆಯೇ? ಆಗ ಉಳಿದದ್ದು ತಾನಾಗಿ ಜೋಡಣೆಯಾಗುತ್ತದೆ.

ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂತು, ಮೊದಲ ಪ್ರಶ್ನೆಗೇ ಉತ್ತರ ಗೊತ್ತಿಲ್ಲ ಅಂದುಕೊಳ್ಳಿ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಇದು ತುರ್ತಿಗೆ ದೇಹವನ್ನು ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ಮತ್ತು ಅಡ್ರಿನಾಲಿನ್ ಎಂಬ ಹಾರ್ಮೋನು ಸೇರಿ ಮಾಡುವ ಕೆಲಸ. ಕೆಲವೇ ಸೆಕೆಂಡುಗಳಲ್ಲಿ ಆಗಿಬಿಡುತ್ತದೆ. ಕಾದಾಡು ಇಲ್ಲವೇ ಓಡು ಎಂಬ ಈ ಸಿದ್ಧತೆಯನ್ನು ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ಹೊತ್ತಿಗೇ ವಿವರಿಸಿದ್ದರು.

ಇದರ ಹಿಂದೆಯೇ ಎರಡನೆಯ ದಾರಿ ತೆರೆದುಕೊಳ್ಳುತ್ತದೆ, ಸ್ವಲ್ಪ ನಿಧಾನವಾಗಿ. ಮೆದುಳಿನ ಹೈಪೊಥಾಲಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿಯು ಕಿಡ್ನಿಗಳ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಬರುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಸದ್ಯಕ್ಕೆ ತುರ್ತಿಲ್ಲದ ಕೆಲಸಗಳು ಹಿಂದೆ ಸರಿಯುತ್ತವೆ. ಕಾರ್ಟಿಸಾಲ್ ಸಾಕಷ್ಟಾದಾಗ ಅದೇ ಮೆದುಳಿಗೆ ಹೋಗಿ "ಇನ್ನು ನಿಲ್ಲಿಸು" ಎನ್ನುತ್ತದೆ. ಈ ದಾರಿಯನ್ನು ಬಾಣಗಳ ಚಿತ್ರವಾಗಿ ಬರೆಯುವಾಗ ನಮ್ಮಲ್ಲಿ ಹಲವರು ಬಿಟ್ಟುಬಿಡುವುದು ಈ ಹಿಂದಿರುಗುವ ಬಾಣವನ್ನೇ. ನನ್ನ ಲೆಕ್ಕದಲ್ಲಿ ಪಾಠದ ಜೀವ ಇರುವುದೇ ಅಲ್ಲಿ.

ಒತ್ತಡ ಮುಂದುವರಿದರೆ ದೇಹ ಹಾದುಹೋಗುವ ಮೂರು ಹಂತಗಳನ್ನು ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಪ್ರಯೋಗದಿಂದ ಹೇಳಿದರು: ಎಚ್ಚರಿಕೆ, ಪ್ರತಿರೋಧ, ಬಳಲಿಕೆ. ಅಷ್ಟು ಸಾಕು, ಮುಂದೆ ಹೋಗೋಣ.

ಒತ್ತಡ ಇಳಿಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 1995ರ ಒಂದು ಅಧ್ಯಯನ ನೆನಪಿಡಿ. ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಜೊತೆಗಾರರು ಮಾಡಿದ್ದು. ಮರೆವಿನ ಕಾಯಿಲೆ ಇದ್ದ ಮನೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು ಒಂದು ಕಡೆ; ಹೆಚ್ಚುಕಡಿಮೆ ಅದೇ ವಯಸ್ಸಿನ, ಅಂಥ ಹೊಣೆ ಇಲ್ಲದ 13 ಮಂದಿ ಇನ್ನೊಂದು ಕಡೆ. ಎಲ್ಲರ ತೋಳಿನಲ್ಲೂ 3.5 ಮಿಲಿಮೀಟರ್ ಅಗಲದ ಪುಟ್ಟ ಗಾಯ ಮಾಡಿ, ಅದು ಮಾಯುವುದನ್ನು ಗಮನಿಸಿದರು. ಆರೈಕೆ ಮಾಡುತ್ತಿದ್ದವರಿಗೆ ಸರಾಸರಿ 9 ದಿನ ಜಾಸ್ತಿ ಬೇಕಾಯಿತು. ಮಂದಿ ಕಡಿಮೆ, ನಿಜ. ಆದರೆ ಕಾರಣ ಊಹಿಸಬಹುದು. ಗಾಯ ಮಾಯಲು ಶುರುವಿನಲ್ಲಿ ಒಂದಿಷ್ಟು ಉರಿಯೂತ ಬೇಕು, ಕಾರ್ಟಿಸಾಲ್ ಅದನ್ನೇ ಅದುಮುತ್ತದೆ. "ಟೆನ್ಷನ್ ಎಲ್ಲಾ ಮನಸ್ಸಿನದ್ದು" ಎನ್ನುವವರಿಗೆ ಆ 9 ದಿನಗಳೇ ಉತ್ತರ.

ಹಾಗಾದರೆ ಇಳಿಸುವುದು ಹೇಗೆ? "ಪಾಸಿಟಿವ್ ಆಗಿರಿ" ಎನ್ನುವುದು ನನಗೆ ಸುಮ್ನೆ ಮಾತು ಅನ್ನಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಲಾಜರಸ್ ಮತ್ತು ಫೋಕ್‌ಮನ್ 1984ರಲ್ಲಿ ಮಾಡಿದ ವಿಂಗಡಣೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಮಸ್ಯೆ ನಮ್ಮ ಕೈಯಲ್ಲಿದ್ದರೆ ಅದನ್ನೇ ಹಿಡಿದು ಬಗೆಹರಿಸುವುದು, ಇಲ್ಲದಿದ್ದರೆ ಅದು ಎಬ್ಬಿಸಿದ ತಳಮಳವನ್ನು ಸಂಭಾಳಿಸುವುದು. ಅದಲುಬದಲಾದರೆ ಕಷ್ಟ. ನಾಳೆ ಕೊಡಬೇಕಾದ ವರದಿ ಬರೆಯದೆ ಧ್ಯಾನಕ್ಕೆ ಕೂತರೆ ವರದಿ ಹಾಗೇ ಇರುತ್ತದೆ. ಆಪ್ತರ ಆಪರೇಷನ್ ಫಲಿತಾಂಶಕ್ಕಾಗಿ ಕಾಯುವಾಗ ರಾತ್ರಿಯೆಲ್ಲಾ ಲೆಕ್ಕ ಹಾಕಿದರೂ ಏನೂ ಬದಲಾಗುವುದಿಲ್ಲ.

ನಿಧಾನ ಉಸಿರಾಟ ಒತ್ತಡ ಇಳಿಸುತ್ತದೆ ಎನ್ನುವುದನ್ನು ಬರೀ ಓದಿ ನಂಬಬೇಡಿ, ಈಗಲೇ ನೋಡಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಿ. ಎಳೆದಾಗ ಬಡಿತ ಕೊಂಚ ಚುರುಕು, ಬಿಟ್ಟಾಗ ಕೊಂಚ ನಿಧಾನ. ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಅದಕ್ಕೆ ಲಗಾಮು ಹಾಕುವುದು ಉಸಿರು ಬಿಡುವಾಗಲೇ ಜಾಸ್ತಿ. ಎಲ್ಲರ ಬೆರಳಿಗೂ ಇದು ಸ್ಪಷ್ಟವಾಗಿ ಸಿಗದು, ಚಿಂತೆ ಬೇಡ. ಕೆಲವು ನಿಮಿಷ ಹೀಗೆ ಉಸಿರಾಡಿದರೂ ಮೈ ಸಡಿಲವಾಗುತ್ತದೆ.

ಒತ್ತಡ ಇಳಿಸಲು ಮೈ ದಣಿಸುವುದೂ ಒಂದು ದಾರಿ. ನಡಿಗೆ, ಆಟ, ಈಜು ಯಾವುದಾದರೂ ಸರಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಿದ್ದೆಯ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಟಿಸಾಲ್ ಬೆಳಿಗ್ಗೆ ಏಳುವ ಹೊತ್ತಿಗೆ ಏರಿ, ನಡುರಾತ್ರಿ ಸುಮಾರಿಗೆ ತಳ ಮುಟ್ಟುತ್ತದೆ. ಹಗಲಿನ ಜಗಳವನ್ನು ಹಾಸಿಗೆಯಲ್ಲಿ ಮತ್ತೆ ಮತ್ತೆ ಮೆಲುಕು ಹಾಕಿದರೆ, ಜಗಳ ಎಂದೋ ಮುಗಿದಿದ್ದರೂ ದೇಹಕ್ಕೆ ಮುಗಿದಿಲ್ಲ. ನಾಳೆಯ ಕೆಲಸಗಳ ಚಿಂತೆಯೇ ಕಾಡುತ್ತಿದ್ದರೆ ಅವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಮಲಗಿ, ತಲೆ ಸ್ವಲ್ಪ ಹಗುರಾಗುತ್ತದೆ. ಕಾಫಿ ಕುಡಿಯುವವರು ಇದನ್ನೂ ನೋಡಿ: ಕಾಫಿಯಲ್ಲಿರುವ, ನಿದ್ದೆ ಕೆಡಿಸುವ ಕೆಫೀನ್ ಮೈಯಲ್ಲಿ ಅರ್ಧದಷ್ಟಾಗಲು ಸಾಮಾನ್ಯವಾಗಿ 5 ಗಂಟೆ ಹಿಡಿಯುತ್ತದೆ. ಸಂಜೆ 5ಕ್ಕೆ ಕುಡಿದದ್ದರ ಅರ್ಧ ರಾತ್ರಿ 10ಕ್ಕೂ ಮೈಯಲ್ಲೇ ಇರುತ್ತದೆ, ಅಲ್ವಾ?

ಇವೆಲ್ಲ ದಿನನಿತ್ಯದ ಒತ್ತಡಕ್ಕೆ. ಎರಡು ವಾರ ದಾಟಿದರೂ ಬೇಸರ ಬಿಡದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಎದೆನೋವು ಬಂದರೆ ಟೆನ್ಷನ್ ಇರಬೇಕು ಎಂದು ಸುಮ್ಮನಾಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬದುಕೇ ಬೇಡ ಎಂಬ ಯೋಚನೆ ಬಂದರೆ ಒಬ್ಬರೇ ಇರಬೇಡಿ, ತಕ್ಷಣ ಹತ್ತಿರದವರಿಗೆ ಹೇಳಿ, ಅವರ ಜೊತೆಗೇ ವೈದ್ಯರ ಬಳಿ ಹೋಗಿ.